ಬಸ್ಸು ಎಲ್ಲಿ ನಿಲ್ಲಬೇಕು?

ಬಸ್ಸು ಎಲ್ಲಿ ನಿಲ್ಲಬೇಕು ಅನ್ನುವುದು ಧರ್ಮಾಧರ್ಮದ ಪ್ರಶ್ನೆ ಅಂದರೆ ಓದುವವರಿಗೆ ನಗು ಬಂದೀತು. ಅದು ಎಂಜಿನಿಯರರ ಕೆಲಸ, ಕಾರ್ಪೊರೇಶನ್ನಿನ ಕೆಲಸ, ಹೆಚ್ಚೆಂದರೆ ನಗರಸೇವಕರ ಕೆಲಸ. ಬ್ಯಾಂಕಿನಲ್ಲಿ ಮೂವತ್ನಾಲ್ಕು ವರ್ಷ ಕೂಡುವ ಕಳೆಯುವ ಲೆಕ್ಕ ಮಾಡಿದವಳಿಗೆ ಇದರ ಉಸಾಬರಿ ಯಾಕೆ ಅಂತ ನಮ್ಮ ಮನೆಯವರೇ ಕೇಳಿದ್ದುಂಟು. ಆದರೂ 2018 ಮತ್ತು 2019ರಲ್ಲಿ, ಸುಮಾರು ಹದಿನೆಂಟು ತಿಂಗಳು, ಪುಣೆಯ ಪಶ್ಚಿಮ ಅಂಚಿನ ನಮ್ಮ ರಸ್ತೆಯಲ್ಲಿ ಒಂದು ಬಸ್ ನಿಲ್ದಾಣದ ಜಾಗದ ಸಲುವಾಗಿ ನಡೆದ ಸಭೆಗಳಲ್ಲಿ ನಾನು ಕೂತಿದ್ದೇನೆ, ಅರ್ಜಿ ಬರೆದಿದ್ದೇನೆ, ಮಾತು ಕೇಳಿದ್ದೇನೆ, ಮಾತು ಕೇಳಿಸಿಕೊಂಡೂ ಇದ್ದೇನೆ. ಕಬ್ಬಿಣದ ಕಂಬ ಹುಗಿಯಲು ಒಂದು ತಾಸು ಸಾಕು. ಅದನ್ನು ಎಲ್ಲಿ ಹುಗಿಯಬೇಕು ಅಂತ ಗೊತ್ತು ಮಾಡುವಾಗ ಯಾರ ಕಾಲಿನ ನೋವನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾರದನ್ನು ಬಿಡಬೇಕು ಅನ್ನುವುದನ್ನೂ ಗೊತ್ತು ಮಾಡಿದಂತಾಗುತ್ತದೆ. ಅದಕ್ಕೇ ಅಷ್ಟು ತಿಂಗಳು ಹಿಡಿಯಿತು.

ಧಾರವಾಡದಿಂದ 1983ರಲ್ಲಿ ಇಲ್ಲಿಗೆ ಬಂದಾಗ ನಾನು ಬೀದಿಯಲ್ಲಿ ಓದಿ ಕಲಿತ ಮೊದಲ ಮರಾಠಿ ಪದ ‘ಥಾಂಬಾ’. ನಿಲ್ದಾಣಕ್ಕೂ ಅದೇ ಪದ, ‘ನಿಲ್ಲಿರಿ’ ಅನ್ನುವುದಕ್ಕೂ ಅದೇ ಪದ. ನಮ್ಮ ‘ತಂಗುದಾಣ’ದಲ್ಲಿ ಒಂದಿಷ್ಟು ನೆರಳು ಇದೆ, ಕೂಡ್ರಲು ಕಟ್ಟೆ ಇದೆ, ಬುತ್ತಿ ಬಿಚ್ಚಲು ಪುರುಸೊತ್ತು ಇದೆ. ‘ಥಾಂಬಾ’ ಅನ್ನುವುದರಲ್ಲಿ ಅಪ್ಪಣೆ ಇದೆ. ಹಾಗಂತ ಮರಾಠಿಯಲ್ಲಿ ಸೌಜನ್ಯ ಇಲ್ಲ ಅಂತಲ್ಲ. ನಮ್ಮ ‘ಕೋರಿಕೆ ನಿಲುಗಡೆ’ಗೆ ಅವರು ‘ವಿನಂತಿ ಥಾಂಬಾ’ ಅನ್ನುತ್ತಾರೆ, ಕೇಳಲು ಎಷ್ಟು ಚಂದ! ನಾನು ಹುಟ್ಟಿದ ಊರಿನಲ್ಲಿ ಬಸ್ಸು ನಿಲ್ಲುತ್ತಿದ್ದುದು ಅರಳಿಕಟ್ಟೆಯ ಮುಂದೆ. ಕಟ್ಟೆ ಮೊದಲು, ಜನ ಅಲ್ಲಿ ಕೂಡುವುದು ಆಮೇಲೆ, ಬಸ್ಸು ಬಂದದ್ದು ಎಲ್ಲಕ್ಕಿಂತ ಕೊನೆಗೆ. ಜನ ಇದ್ದಲ್ಲಿ ಬಸ್ಸು ನಿಂತಿತು. ಶಹರದಲ್ಲಿ ಇದು ತಿರುಗುಮುರುಗು. ಮೊದಲು ಕಂಬ ಬರುತ್ತದೆ, ಕಂಬ ಇದ್ದಲ್ಲಿಗೆ ಜನ ಹೋಗಬೇಕು.

ನಮ್ಮ ರಸ್ತೆಯನ್ನು ಅಗಲ ಮಾಡಿದ್ದು 2017ರಲ್ಲಿ. ಹಳೆಯ ಬೇವಿನ ಮರ ಹೋಯಿತು, ಅದರ ಕೆಳಗಿದ್ದ ನಿಲ್ದಾಣದ ಕಂಬವೂ ಹೋಯಿತು. ಮರ ಹೋದದ್ದಕ್ಕೆ ಸಭೆ ಆಯಿತು, ಪತ್ರಿಕೆಯಲ್ಲಿ ಬಂತು. ಕಂಬ ಹೋದದ್ದಕ್ಕೆ ಯಾರೂ ಏನೂ ಅನ್ನಲಿಲ್ಲ. ಬಸ್ಸುಗಳು ತಮ್ಮ ಪಾಡಿಗೆ ಚೌಕಕ್ಕೆ ಮೊದಲು, ಅಂಗಡಿಗಳ ಸಾಲಿನ ಮುಂದೆ ನಿಲ್ಲತೊಡಗಿದವು. ವಡಾಪಾವ್ ಗಾಡಿ, ಔಷಧಿ ಅಂಗಡಿ, ಹಾಲಿನ ಡೇರಿ ಎಲ್ಲ ಅಲ್ಲೇ. ಬೆಳಗ್ಗೆ ಶಹರದ ಕಡೆಯಿಂದ ಬರುವ ಬಸ್ಸಿನಲ್ಲಿ ಇಳಿಯುವವರು ಹೆಚ್ಚಾಗಿ ನಮ್ಮಂಥ ಸೊಸಾಯಟಿಗಳ ಮನೆಗೆಲಸಕ್ಕೆ ಬರುವ ಹೆಂಗಸರು, ವಾಚ್‌ಮನ್‌ಗಳು, ಕಟ್ಟಡದ ಕೂಲಿಗಳು. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು ಬಹಳ. ಲಾತೂರು, ನಾಂದೇಡದವರೂ ಇದ್ದಾರೆ. ಪುಣೆಯಲ್ಲಿ ಇದ್ದವರಿಗೆ ಇದು ಗೊತ್ತಿರುವ ಸಂಗತಿಯೇ. ಇಲ್ಲಿಯ ಎಷ್ಟೋ ಗೋಡೆಗಳು ಎದ್ದದ್ದು ಕನ್ನಡ ಮಾತಾಡುವ ಕೈಗಳಿಂದ.

2018ರ ಜನವರಿಯ ಒಂದು ಸಂಜೆ, ನಮ್ಮ ಮೇಲಿನ ಮಹಡಿಯಲ್ಲಿ ರೊಟ್ಟಿ ಮಾಡಲು ಬರುತ್ತಿದ್ದ ಆಳಂದ ಕಡೆಯ ಒಬ್ಬಾಕೆ ವಾಪಸ್ಸು ಹೋಗುವ ಬಸ್ಸು ಹಿಡಿಯಲು ರಸ್ತೆ ದಾಟುತ್ತಿದ್ದಳು. ಈ ಬದಿಯಲ್ಲಿ ಒಂದು ಬಸ್ಸು ನಿಂತಿತ್ತು. ಅದರ ಮೂತಿಯ ಮುಂದಿನಿಂದ ಆಕೆ ಹೊರಬಿದ್ದಳು. ನಿಂತ ಬಸ್ಸನ್ನು ಬಲಗಡೆಯಿಂದ ದಾಟಿಸಿಕೊಂಡು ಬಂದ ಕಾರು ಬಡಿಯಿತು. ಜೀವ ಉಳಿಯಿತು. ತೊಡೆಯ ಎಲುಬು ಮುರಿದು ಐದು ತಿಂಗಳು ಕೆಲಸ ಹೋಯಿತು. ನಾಲ್ಕು ಮನೆಗಳ ಪೈಕಿ ಎರಡು ಮನೆಯವರು ಆಕೆ ಬರುವವರೆಗೆ ಕಾದರು, ಇನ್ನೆರಡು ಮನೆಯವರು ಬೇರೆಯವರನ್ನು ಇಟ್ಟುಕೊಂಡರು. ಕಾರಿನವನು ಆಸ್ಪತ್ರೆಯ ಖರ್ಚಿನಲ್ಲಿ ಅರ್ಧ ಕೊಟ್ಟ. ಅವನು ದುಷ್ಟನೇನಲ್ಲ. ಬಸ್ಸಿನ ಹಿಂದೆ ಇದ್ದವನಿಗೆ ಬಸ್ಸಿನ ಮುಂದೆ ಇದ್ದವಳು ಕಾಣುವುದಾದರೂ ಹೇಗೆ?

ನಾನು ಬಿಡಿಸಿ ನೋಡಬೇಕೆಂದದ್ದು ಇದನ್ನೇ. ತಾಸಿಗೆ ನಲವತ್ತು ಕಿಲೋಮೀಟರು ಓಡುವ ಗಾಡಿ ಒಂದು ಸೆಕೆಂಡಿಗೆ ಹನ್ನೊಂದು ಮೀಟರು ಹೋಗುತ್ತದೆ. ಮನುಷ್ಯನನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಆ ಹನ್ನೊಂದು ಮೀಟರು ಮುಗಿದಿರುತ್ತದೆ. ಹೆಚ್ಚುಕಡಿಮೆ ಒಂದು ಬಸ್ಸಿನ ಉದ್ದ. ಚೌಕಕ್ಕೆ ಮೊದಲು ಬಸ್ಸು ನಿಂತರೆ, ಇಳಿದವರು ದಾಟುವುದು ಚೌಕದ ಹತ್ತಿರ, ಅಂದರೆ ಬಸ್ಸಿನ ಮುಂದೆ. ಅದರಲ್ಲೂ ನಮ್ಮ ಬಸ್ಸುಗಳಲ್ಲಿ ಹತ್ತುವುದು ಹಿಂದಿನ ಬಾಗಿಲಿನಿಂದ, ಇಳಿಯುವುದು ಮುಂದಿನದರಿಂದ. ಇಳಿದವರ ಕಾಲು ಎರಡು ಹೆಜ್ಜೆಗೇ ಬಸ್ಸಿನ ಮೂತಿಯ ಮುಂದೆ. ಎಡಕ್ಕೆ ಹೊರಳುವ ಗಾಡಿಗಳೂ ನಿಂತ ಬಸ್ಸನ್ನು ಸುತ್ತಿ ಅದರ ಮುಂದೆಯೇ ನುಗ್ಗುತ್ತವೆ. ಅದೇ ಬಸ್ಸು ಚೌಕ ದಾಟಿದ ಮೇಲೆ ನಿಂತರೆ, ಇಳಿದವರು ಚೌಕಕ್ಕೆ ಬಂದು ದಾಟುವುದು ಬಸ್ಸಿನ ಬೆನ್ನ ಹಿಂದೆ. ಹಿಂದಿನಿಂದ ಬರುವ ಗಾಡಿಯವರಿಗೆ ಅವರು ಕಾಣುತ್ತಾರೆ, ಅವರಿಗೂ ಗಾಡಿ ಕಾಣುತ್ತದೆ. ರಸ್ತೆಯ ಎರಡೂ ಬದಿಯ ನಿಲ್ದಾಣಗಳು ಹೀಗೆ ಬೆನ್ನಿಗೆ ಬೆನ್ನು ಮಾಡಿ ಇದ್ದು, ದಾಟುವ ಪಟ್ಟೆ ಎರಡರ ಹಿಂದೆ ನಡುವೆ ಬಂದರೆ ಯಾರೂ ಬಸ್ಸಿನ ಮುಂದೆ ಹಾಯಬೇಕಾಗಿಲ್ಲ. ಇದು ಹೊಸ ವಿದ್ಯೆಯಲ್ಲ, ರಸ್ತೆ ಎಂಜಿನಿಯರರಿಗೆ ಮೊದಲಿನಿಂದ ಗೊತ್ತಿದ್ದದ್ದು.

ಇನ್ನೊಂದು ಮಾತು ನನ್ನ ತಲೆಯಲ್ಲಿ ಹೊಳೆಯಲು ಕೆಲವು ದಿನ ಹಿಡಿಯಿತು. ನಮ್ಮ ಸೊಸಾಯಟಿಯ ಸಭೆಯಲ್ಲಿ ಎಲ್ಲರೂ ‘ಸುರಕ್ಷಿತ ಬದಿ’ ಅಂತ ಮಾತಾಡುತ್ತಿದ್ದರು. ಬಸ್ಸಿನಲ್ಲಿ ಹೋಗಿ ಬರುವವರಿಗೆ ಸುರಕ್ಷಿತ ಬದಿ ಅಂತ ಒಂದು ಇಲ್ಲವೇ ಇಲ್ಲ. ಬೆಳಗ್ಗೆ ಈ ಬದಿಗೆ ಇಳಿದವನು ಸಂಜೆ ಆ ಬದಿಯಲ್ಲಿ ಹತ್ತಬೇಕು. ಯಾರ ಮನೆ ಯಾವ ಬದಿಗೆ ಇರಲಿ, ಹೋಗಿ ಬರುವುದರಲ್ಲಿ ಒಂದು ಸಲ ರಸ್ತೆ ದಾಟಲೇಬೇಕು. ನಿಲ್ದಾಣವನ್ನು ಅತ್ತಿತ್ತ ಸರಿಸಿದರೆ ದಾಟುವ ಜಾಗ ಸರಿಯುತ್ತದೆ, ದಾಟುವುದು ತಪ್ಪುವುದಿಲ್ಲ. ಹಾಗಾಗಿ ನಿಲ್ದಾಣ ಎಲ್ಲಿ ಅನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು, ಇವರು ಎಲ್ಲಿ ದಾಟುತ್ತಾರೆ, ಅದೂ ಯಾವ ಹೊತ್ತಿನಲ್ಲಿ, ಎಷ್ಟು ಅವಸರದಲ್ಲಿ? ಒಂದು ಸಂಜೆ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಎಣಿಸಿದೆ. ಇನ್ನೂರು ದಾಟುವಷ್ಟರಲ್ಲಿ ಎಣಿಕೆ ತಪ್ಪಿತು. ಅಂಗಡಿಯವನು ಸೀಲ್ ಆದ ನೀರಿನ ಬಾಟಲಿ ಕೊಟ್ಟು ದುಡ್ಡು ಬೇಡ ಅಂದ.

ಮೂರು ಜಾಗಗಳ ಮಾತು ಬಂತು. ಒಂದು, ಈಗ ಬಸ್ಸು ನಿಲ್ಲುತ್ತಿದ್ದ ಅಂಗಡಿಗಳ ಮುಂದೆ, ಚೌಕಕ್ಕೆ ಮೊದಲು. ಎರಡು, ಚೌಕ ದಾಟಿದ ಮೇಲೆ ನಮ್ಮ ಸೊಸಾಯಟಿಯ ಕಂಪೌಂಡಿಗೆ ಹೊಂದಿಕೊಂಡು. ಮೂರು, ಇನ್ನೂ ಇನ್ನೂರು ಮೀಟರು ಮುಂದೆ, ನಾಲಾದ ಸೇತುವೆ ದಾಟಿ, ಖಾಲಿ ಪ್ಲಾಟಿನ ಪಕ್ಕ. ಮೂರನೆಯದು ನಮ್ಮ ಸೊಸಾಯಟಿಯ ಆಯ್ಕೆ. ಅಲ್ಲಿ ಜಾಗ ದೊಡ್ಡದು, ಬಸ್ಸು ಒಳಕ್ಕೆ ಸರಿದು ನಿಲ್ಲಲು ಪ್ರತ್ಯೇಕ ಕೊಲ್ಲಿ ಮಾಡಬಹುದು, ಗಾಡಿಗಳು ಹೊರಳುವುದಿಲ್ಲ, ಗದ್ದಲ ಇಲ್ಲ. ನಕ್ಷೆಯಲ್ಲಿ ನೋಡಿದರೆ ಬಹಳ ಚೊಕ್ಕ. ನಕ್ಷೆಯಲ್ಲಿ ಕಾಣದ್ದು ಏನೆಂದರೆ, ಸೇತುವೆಯ ಮೇಲೆ ಫುಟ್‌ಪಾತ್ ಇರಲಿಲ್ಲ, ಆಚೆ ಬೀದಿದೀಪ ಇರಲಿಲ್ಲ, ಗದ್ದಲ ಇಲ್ಲದ ಕಡೆ ಗಾಡಿಗಳ ವೇಗ ಜಾಸ್ತಿ. ಆ ಕೊಲ್ಲಿಗಳ ಹಣೆಬರಹವನ್ನೂ ನಾವು ಪುಣೆಯಲ್ಲಿ ನೋಡಿದ್ದೇವೆ. ಅದರೊಳಗೆ ರಿಕ್ಷಾ ನಿಲ್ಲುತ್ತವೆ, ಬಸ್ಸು ರಸ್ತೆಯಲ್ಲೇ ನಿಲ್ಲುತ್ತದೆ, ಜನ ಎರಡರ ನಡುವೆ ಇಳಿಯುತ್ತಾರೆ.

ಇನ್ನೂರು ಮೀಟರು ಅಂದರೆ ಏನು ಮಹಾ ಅಂತ ನಮ್ಮ ಚೇರ್ಮನ್ ಕೇಳಿದರು. ನಿವೃತ್ತ ಪ್ರಾಧ್ಯಾಪಕರು, ಸಜ್ಜನರು, ದಿನಾ ಬೆಳಗ್ಗೆ ಐದು ಕಿಲೋಮೀಟರು ನಡೆಯುವವರು. ನಡೆದರೆ ಆರೋಗ್ಯಕ್ಕೆ ಒಳ್ಳೆಯದು ಅಂದರು. ನಾನು ಬ್ಯಾಂಕಿನವಳು, ಲೆಕ್ಕ ಹಾಕಿದೆ. ಹೋಗುವಾಗ ಇನ್ನೂರು, ಬರುವಾಗ ಇನ್ನೂರು, ತಿಂಗಳಿಗೆ ಇಪ್ಪತ್ತಾರು ದಿನ; ವರ್ಷಕ್ಕೆ ಸುಮಾರು ನೂರಿಪ್ಪತ್ತೈದು ಕಿಲೋಮೀಟರು. ಒಬ್ಬ ಹೆಣ್ಣುಮಗಳು ಧಾರವಾಡದಿಂದ ಬೆಳಗಾವಿಗೆ ನಡೆದು ಹೋಗಿ, ಅರ್ಧ ದಾರಿ ತಿರುಗಿ ಬಂದಷ್ಟು. ಅದೂ ನಾಲ್ಕು ಮನೆ ಪಾತ್ರೆ ತಿಕ್ಕಿ, ಬಗ್ಗಿ ನೆಲ ಒರೆಸಿದ ಮೇಲೆ. ಆರೋಗ್ಯಕ್ಕಾಗಿ ನಡೆಯುವವರ ನಡಿಗೆಯೂ ದಣಿದವರ ನಡಿಗೆಯೂ ಕಿಲೋಮೀಟರಿನಲ್ಲಿ ಒಂದೇ, ಬೇರೆ ಯಾವುದರಲ್ಲೂ ಒಂದಲ್ಲ.

ಎರಡನೆಯ ಜಾಗಕ್ಕೆ, ಅಂದರೆ ನಮ್ಮ ಕಂಪೌಂಡಿಗೆ, ಬಂದ ಆಕ್ಷೇಪಗಳನ್ನು ನ್ಯಾಯವಾಗಿ ಹೇಳಬೇಕು. ಎಲ್ಲವೂ ಸ್ವಾರ್ಥದ ಮಾತಾಗಿರಲಿಲ್ಲ. ಗೇಟಿನ ಬಲಕ್ಕೆ ಬಸ್ಸು ನಿಂತರೆ ಒಳಗಿನಿಂದ ಹೊರಬರುವ ಕಾರಿನವರಿಗೆ ರಸ್ತೆ ಕಾಣುವುದಿಲ್ಲ ಅಂದರು. ಅದು ನಿಜ. ಶಾಲೆಯ ವ್ಯಾನಿಗೆ ಕಾಯುವ ಮಕ್ಕಳು ಅಲ್ಲೇ ನಿಲ್ಲುತ್ತಾರೆ ಅಂದರು. ಅದೂ ನಿಜ. ಉಳಿದವು ನೆರೆಹೊರೆಯಲ್ಲಿ ಎಲ್ಲ ಕಡೆ ಕೇಳುವ ಮಾತುಗಳೇ: ಗೋಡೆಗೆ ಉಗುಳುತ್ತಾರೆ, ಮರದ ನೆರಳಿಗೆ ಮಲಗುತ್ತಾರೆ, ಗಾಡಿಯವರು ಅಂಗಡಿ ಹಾಕುತ್ತಾರೆ, ಫ್ಲ್ಯಾಟಿನ ಬೆಲೆ ಇಳಿಯುತ್ತದೆ. ಬಸ್ಸು ಬೇಕು, ಆದರೆ ಬೇರೆಯವರ ಗೋಡೆಗೆ ನಿಲ್ಲಲಿ. ಮನೆಗೆಲಸದವರು ಏಳು ಗಂಟೆಗೆ ಸರಿಯಾಗಿ ಬರಬೇಕು, ಆದರೆ ಅವರು ಬರುವ ದಾರಿ ನಮಗೆ ಕಾಣಬಾರದು.

ಒಬ್ಬರು ಒಂದು ಪರೀಕ್ಷೆ ಹೇಳಿದರು. ನಮ್ಮ ಮೊಮ್ಮಗಳನ್ನು ಒಬ್ಬಳೇ ಯಾವ ನಿಲ್ದಾಣದಲ್ಲಿ ಬಿಡಲು ಧೈರ್ಯ ಬರುತ್ತದೋ ಅದೇ ಸರಿಯಾದ ನಿಲ್ದಾಣ. ಎಲ್ಲರೂ ತಲೆದೂಗಿದರು. ನನಗೆ ಅದು ಒಪ್ಪಿಗೆಯಾಗಲಿಲ್ಲ, ಈಗಲೂ ಇಲ್ಲ. ನಮ್ಮ ಮೊಮ್ಮಗಳು ಬಸ್ಸಿನಲ್ಲಿ ಹೋಗುವವಳಲ್ಲ. ಹೋಗದವಳನ್ನು ಮನಸ್ಸಿನಲ್ಲಿ ನಿಲ್ಲಿಸಿ ಅಳೆದರೆ, ದಿನಾ ನಿಲ್ಲುವವಳ ಅಳತೆ ಎಲ್ಲಿಂದ ಸಿಕ್ಕೀತು? ಮೊಮ್ಮಗಳಿಗೆ ತಡವಾದರೆ ಫೋನು ಮಾಡುತ್ತಾಳೆ, ಕಾರು ಹೋಗುತ್ತದೆ. ಬಸ್ಸು ತಪ್ಪಿದರೆ ಒಂದು ಮನೆಯ ಕೆಲಸ ಹೋಗುವವಳಿಗೆ ಓಡಲೇಬೇಕಾಗುತ್ತದೆ. ಎದುರು ಬದಿಯಲ್ಲಿ ಬಸ್ಸು ಕಂಡೊಡನೆ ಓಡುವವರನ್ನು ‘ಅಶಿಕ್ಷಿತರು, ರಸ್ತೆಯ ಶಿಸ್ತು ಇಲ್ಲ’ ಅಂತ ಬೈಯುವುದು ಸುಲಭ. ಆ ಓಟದ ಹಿಂದೆ ಮುಂದಿನ ಬಸ್ಸು ಇನ್ನೂ ನಲವತ್ತು ನಿಮಿಷಕ್ಕೆ ಅನ್ನುವುದು ಇದೆ.

ಸಭೆಯಲ್ಲಿ ನಾನು ಎರಡನೆಯ ಜಾಗದ ಪರವಾಗಿ ಮಾತಾಡಿದಾಗ ಸೆಕ್ರೆಟರಿಯವರು ನಗುತ್ತಲೇ ಅಂದರು: “ಮ್ಯಾಡಮ್, ತುಮ್ಹಿ ತರ ತ್ಯಾಂಚ್ಯಾಚ ಕಡಚ್ಯಾ.” ನೀವು ಅವರ ಕಡೆಯವರೇ ಅಲ್ಲವೇ ಅಂತ. ಚುಚ್ಚಬೇಕೆಂದು ಹೇಳಿದ್ದಲ್ಲ. ಆದರೂ ಆ ರಾತ್ರಿ ಅದೇ ಮಾತು ತಿರುಗಿತು. ‘ಕಡೆ’ ಅನ್ನುವುದು ನಮ್ಮ ಎರಡೂ ಭಾಷೆಗಳಲ್ಲಿ ಇದೆ. ಊರಿನ ದಿಕ್ಕಿಗೂ ಅದೇ ಮಾತು, ವ್ಯಾಜ್ಯದಲ್ಲಿ ಪಕ್ಷಕ್ಕೂ ಅದೇ ಮಾತು. ನಾನು ಕಲಬುರಗಿ ಕಡೆಯವಳಲ್ಲ, ಧಾರವಾಡದವಳು. ಊರಿನಲ್ಲಿ ಇದ್ದಿದ್ದರೆ ಅವರ ಮಾತಿನ ರಾಗಕ್ಕೆ ನಾವೇ ನಗುತ್ತಿದ್ದೆವು. ಇಲ್ಲಿಗೆ ಬಂದ ಮೇಲೆ ಅವರೂ ನಾನೂ ಒಂದೇ ಕಡೆಯವರಾದೆವು. ಪರಊರಿನ ವಿಚಿತ್ರ ಇದು, ದೂರ ಹೋದಷ್ಟೂ ‘ನಮ್ಮ ಕಡೆ’ ದೊಡ್ಡದಾಗುತ್ತ ಹೋಗುತ್ತದೆ.

ಪ್ರಶ್ನೆ ಇದು: ಬಿದ್ದವಳು ಕನ್ನಡದವಳು ಅಂತ ನಾನು ಎದ್ದು ನಿಂತೆನೇ? ಆಕೆ ನಾಂದೇಡದವಳಾಗಿದ್ದರೆ ಸುಮ್ಮನಿರುತ್ತಿದ್ದೆನೇ? ಹಾಗಿದ್ದರೆ ನನ್ನ ನ್ಯಾಯಕ್ಕೂ ಸೊಸಾಯಟಿಯವರ ನ್ಯಾಯಕ್ಕೂ ಏನು ವ್ಯತ್ಯಾಸ? ಅವರು ಗೋಡೆಯ ಒಳಗಿನವರನ್ನು ತಮ್ಮವರು ಅಂದರು, ನಾನು ಭಾಷೆಯ ಒಳಗಿನವರನ್ನು. ನಾನು ಬಹಳ ಯೋಚಿಸಿ ಬಂದ ತೀರ್ಮಾನ ಹೀಗೆ. ಕನ್ನಡ ಆಡಿದ ಮಾತ್ರಕ್ಕೆ ಆಕೆಗೆ ರಸ್ತೆಯ ಮೇಲೆ ಹೆಚ್ಚಿನ ಹಕ್ಕು ಹುಟ್ಟುವುದಿಲ್ಲ. ಆದರೆ ಭಾಷೆ ಗೊತ್ತಿದ್ದದ್ದರಿಂದ ಲಿಫ್ಟಿನಲ್ಲಿ, ಮೆಟ್ಟಿಲಲ್ಲಿ, ನಲ್ಲಿಯ ಹತ್ತಿರ ಆ ಹೆಂಗಸರು ತಮ್ಮತಮ್ಮೊಳಗೆ ಆಡಿಕೊಳ್ಳುವ ಮಾತು ನನ್ನ ಕಿವಿಗೆ ಬಿತ್ತು. ಬೇರೆಯವರಿಗೆ ಅದು ಬರೀ ಗದ್ದಲ. ಕೇಳಿಸಿದವರಿಗೆ ಕೇಳಿಸಲಿಲ್ಲ ಅನ್ನುವ ಅನುಕೂಲ ಇರುವುದಿಲ್ಲ. ಕೇಳಿಸಿದ್ದನ್ನು ಸಭೆಗೆ ಮುಟ್ಟಿಸುವುದು ನನ್ನ ಪಾಲಿಗೆ ಬಂತು. ಮುಟ್ಟಿಸಿದ ಮೇಲೆ ಅದು ಕನ್ನಡದವರ ಮಾತಾಗಿ ಉಳಿಯಬಾರದು. ಅರ್ಜಿಯಲ್ಲಿ ನಾನು ಊರು, ಭಾಷೆ ಯಾವುದನ್ನೂ ಬರೆಯಲಿಲ್ಲ. ಸಹಿ ಮಾಡಿದವರಲ್ಲಿ ಲಾತೂರಿನ ಹೆಂಗಸರೂ ಇದ್ದರು, ಎರಡನೆಯ ಮಹಡಿಯ ತಮಿಳು ಅಜ್ಜನೂ ಇದ್ದರು. ಹೆಬ್ಬೆಟ್ಟು ಒತ್ತಿದವರೂ ಇದ್ದರು.

ಆದರೆ ಕಥೆ ಇಷ್ಟು ಸರಳವಾಗಿ ಹೋಗಲಿಲ್ಲ. ಅರ್ಜಿ ಬರೆಯುವ ಮೊದಲು ನಿಲ್ಲುವವರನ್ನೇ ಕೇಳಬೇಕಲ್ಲ, ಕೇಳಿದೆ. ಅವರಿಗೆ ಬೇಕಾದದ್ದು ಎರಡನೆಯ ಜಾಗವೂ ಅಲ್ಲ, ಮೂರನೆಯದಂತೂ ಅಲ್ಲವೇ ಅಲ್ಲ. ಅಂಗಡಿಗಳ ಮುಂದಿನ ಜಾಗವೇ ಇರಲಿ ಅಂದರು, ಅವರಲ್ಲೊಬ್ಬಳ ತೊಡೆ ಮುರಿದ ಅದೇ ಜಾಗ. ನಾನು ಬಸ್ಸಿನ ಹಿಂದೆ, ಮುಂದೆ ಅಂತೆಲ್ಲ ವಿವರಿಸಿದೆ. ಸಮಾಧಾನದಿಂದ ಕೇಳಿದರು. ಆಮೇಲೆ ಅವರ ಪೈಕಿ ಹಿರಿಯಾಕೆ ಅಂದದ್ದು ಇಷ್ಟು: “ಅಕ್ಕಾರ, ಗಾಡಿ ಬಡದ್ರ ಒಮ್ಮೆ ಬಡೀತದ. ಕತ್ತಲ್ಯಾಗ ನಿಲ್ಲೂದು ದಿನಾ ಅದ.”

ಇದಕ್ಕೆ ಏನು ಹೇಳುವುದು? ಗಾಡಿಯ ಭಯ ಒಂದು, ಗಂಡಸರ ಭಯ ಇನ್ನೊಂದು. ಎಂಜಿನಿಯರರ ಪುಸ್ತಕದಲ್ಲಿ ಮೊದಲನೆಯದಕ್ಕೆ ಸೂತ್ರ ಇದೆ. ಎರಡನೆಯದನ್ನು ಹೆಂಗಸರು ತಾವೇ ಬಲ್ಲರು. ಅವರ ಆಯ್ಕೆಯನ್ನು ಅಜ್ಞಾನ ಅನ್ನಲು ನನಗೆ ಬಾಯಿ ಬರಲಿಲ್ಲ. ಹಾಗೆಂದು ಅವರು ಕೇಳಿದ್ದಾರೆ, ಅಲ್ಲೇ ಇರಲಿ ಅಂತ ಬರೆದುಕೊಟ್ಟು ಕೈತೊಳೆದುಕೊಳ್ಳುವುದೂ ಸರಿ ಕಾಣಲಿಲ್ಲ. ಬೇರೆ ದಾರಿಯೇ ಇಲ್ಲದವರು ಅಪಾಯಕ್ಕೆ ಹೂಂ ಅಂದರೆ ಅದು ಒಪ್ಪಿಗೆಯೇ? ಮೈಮೇಲೆ ಬಂದದ್ದನ್ನು ಸಹಿಸಿಕೊಂಡು ಬದುಕಿದವರ ಬಾಯಲ್ಲಿ ‘ನಡೀತದ’ ಅನ್ನುವ ಮಾತು ಬಹಳ ಬೇಗ ಬರುತ್ತದೆ. ಆ ಮಾತನ್ನು ಹಿಡಿದುಕೊಂಡು ಈ ದೇಶದಲ್ಲಿ ಎಷ್ಟೆಲ್ಲ ನಡೆದುಹೋಗಿದೆ!

ಮುಂದಿನ ಸಲ ನಾನು ಜಾಗದ ಮಾತು ಬಿಟ್ಟು, ಅಂಗಡಿಯ ಮುಂದೆ ಏನು ಇಷ್ಟ ಅಂತ ಕೇಳಿದೆ. ಬೆಳಕು ಐತಿ. ಜನ ಇರ್ತಾರ. ಮಳಿ ಬಂದ್ರ ತಗಡಿನ ಕೆಳಗ ನಿಲ್ಲಾಕ ಬರ್ತದ. ಬಸ್ಸು ದೂರದಿಂದ ಕಾಣ್ತದ. ಬೇಕಾದದ್ದು ಈ ನಾಲ್ಕು. ಇವು ಬೇರೆ ಕಡೆಯೂ ಸಿಗುವಂಥವು, ಯಾರಾದರೂ ಕೊಟ್ಟರೆ. ನಮ್ಮ ಕಂಪೌಂಡಿನ ಗೋಡೆಗೆ ದೀಪ ಹಾಕಬಹುದು. ರಾತ್ರಿಯಿಡೀ ವಾಚ್‌ಮನ್ ಇರುತ್ತಾನೆ. ಹೀಗೆ ವಾದ ಕಟ್ಟಿದೆ, ಹೆಂಗಸರೂ ಸರಿ ಅಂದರು. ಆದರೂ ನನಗೊಂದು ಅಳುಕು ಉಳಿದೇ ಇದೆ. ಓದಿದವರು ಬಡವರನ್ನು ‘ನಿಮಗೆ ನಿಜವಾಗಿ ಬೇಕಾದದ್ದು ಇದು’ ಅಂತ ಒಪ್ಪಿಸುವುದು ಹೀಗೆಯೇ ಅಲ್ಲವೇ. ಒಪ್ಪಿಸಿದ ಮೇಲೆ ದೀಪ ಉರಿಯದಿದ್ದರೆ ಕತ್ತಲಲ್ಲಿ ನಿಲ್ಲುವವರು ಅವರು, ನಾನಲ್ಲ. ಅದಕ್ಕೇ ಕಂಬಕ್ಕಿಂತ ಮೊದಲು ದೀಪ ಆಗಬೇಕು ಅಂತ ಹಟ ಹಿಡಿದೆ.

ಕಾನೂನು ಏನನ್ನುತ್ತದೆ ಅಂತ ಹುಡುಕಿದೆ. 1988ರ ಮೋಟಾರು ವಾಹನ ಕಾಯ್ದೆಯ 117ನೇ ಕಲಮಿನ ಪ್ರಕಾರ, ವಾಹನಗಳು ನಿಲ್ಲುವ ಜಾಗಗಳನ್ನು ರಾಜ್ಯ ಸರಕಾರ ಅಥವಾ ಅದು ಅಧಿಕಾರ ಕೊಟ್ಟವರು ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚಿಸಿ ಗೊತ್ತು ಮಾಡಬಹುದು. ಆ ಕಲಮಿನಲ್ಲಿ ಸ್ಥಳೀಯ ಸಂಸ್ಥೆ ಇದೆ, ನಿಲ್ಲುವವರು ಇಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಸಾಗಿಸಬೇಕಾದದ್ದು ಜನರನ್ನು, ವಾಹನಗಳನ್ನಲ್ಲ ಅನ್ನುವ ಅರ್ಥದ ಮಾತು ಹೇಳಿತು. ಪುಣೆ ಮಹಾನಗರಪಾಲಿಕೆ 2016ರಲ್ಲಿ ಪಾದಚಾರಿಗಳಿಗೇ ಒಂದು ನೀತಿ ಮಾಡಿಕೊಂಡಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಸರಿಯಾದ ಫುಟ್‌ಪಾತ್ ಪಾದಚಾರಿಗಳ ಹಕ್ಕು, ಅದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಅಂತ ಹೇಳಿದೆ. ಕೇಂದ್ರ ಸರಕಾರದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಹೆಚ್ಚುಕಡಿಮೆ ಐದರಲ್ಲೊಬ್ಬರು ನಡೆದು ಹೋಗುತ್ತಿದ್ದವರು.

ನೀತಿ ಇದ್ದರೂ ನಿಲ್ದಾಣದ ಜಾಗ ತಪ್ಪಬಹುದು ಅನ್ನುವುದಕ್ಕೆ ಪುಣೆಯೇ ಸಾಕ್ಷಿ. ಇಲ್ಲಿ 2006ರ ಡಿಸೆಂಬರಿನಲ್ಲಿ ಕಾತ್ರಜ–ಸ್ವಾರಗೇಟ್–ಹಡಪಸರ ದಾರಿಯಲ್ಲಿ ಬಿಆರ್‌ಟಿ ಶುರುವಾಯಿತು, ಬಸ್ಸಿಗೆ ರಸ್ತೆಯ ನಡುವೆ ಬೇರೆ ದಾರಿ. ನಿಲ್ದಾಣವೂ ನಡುವೆ. ಬಸ್ಸಿಗೆ ಅನುಕೂಲ, ಆದರೆ ನಿಲ್ದಾಣ ಮುಟ್ಟಬೇಕಾದರೆ ಪ್ರತಿಯೊಬ್ಬನೂ ಅರ್ಧ ರಸ್ತೆ ದಾಟಬೇಕು. ದಾಟುವ ವ್ಯವಸ್ಥೆ ಹಿಂದೆ ಬಿತ್ತು, ಪಾದಚಾರಿಗಳ ಅಪಘಾತಗಳು ಸುದ್ದಿಯಾದವು. ದೆಹಲಿಯಲ್ಲಿ 2008ರಲ್ಲಿ ಅಂಬೇಡ್ಕರ್ ನಗರ–ಮೂಲ್‌ಚಂದ್ ನಡುವೆ ಇಂಥದೇ ದಾರಿ ಆಯಿತು. ಕಾರಿನವರಿಗೆ ತಡವಾಗುತ್ತದೆ ಅಂತ ದಾವೆ ಹೋಯಿತು. 2012ರಲ್ಲಿ ಹೈಕೋರ್ಟು ಅದನ್ನು ಒಪ್ಪಲಿಲ್ಲ. ಆದರೂ ಕೆಲವೇ ವರ್ಷಗಳಲ್ಲಿ ಸರಕಾರವೇ ಅದನ್ನು ಕಿತ್ತು ಹಾಕಿತು. ಕೋರ್ಟಿನಲ್ಲಿ ಗೆದ್ದದ್ದು ರಸ್ತೆಯಲ್ಲಿ ಉಳಿಯಲಿಲ್ಲ. ಮುಂಬಯಿಯವರು 2008ರಿಂದ ಸ್ಕೈವಾಕ್ ಕಟ್ಟಿದರು. ಗಾಡಿಗಳು ಕೆಳಗೆ ಸರಾಗ ಹೋಗಲಿ, ಮನುಷ್ಯರು ಮೆಟ್ಟಿಲು ಹತ್ತಲಿ ಅಂತ. ಮೊಣಕಾಲು ನೋವಿನವರು ಇದಕ್ಕೆ ಏನು ಹೇಳುತ್ತಾರೆ ಅಂತ ಬರೆಯಬೇಕಾಗಿಲ್ಲ.

ನಮ್ಮ ಹಳೆಯವರು ಇದನ್ನು ಬೇರೆ ರೀತಿ ನೋಡಿದ್ದರು ಅನ್ನಿಸುತ್ತದೆ. ದಾರಿಯಲ್ಲಿ ಅರವಟ್ಟಿಗೆ ಇಡಿಸುವುದು ಪುಣ್ಯದ ಕೆಲಸ, ಅದಕ್ಕೆ ದತ್ತಿ ಬಿಟ್ಟದ್ದು ನಮ್ಮ ಶಾಸನಗಳಲ್ಲೂ ಬರುತ್ತದೆ. ತಲೆಹೊರೆ ಹೊತ್ತವರು ಯಾರ ಸಹಾಯವಿಲ್ಲದೆ ಹೊರೆ ಇಳಿಸಿ ಮತ್ತೆ ಎತ್ತಿಕೊಳ್ಳಲಿ ಅಂತ ತಲೆಯ ಎತ್ತರಕ್ಕೆ ಕಲ್ಲು ನಿಲ್ಲಿಸುತ್ತಿದ್ದರು. ಅಂಥ ಕಲ್ಲನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ಒಂದೇ ಅಳತೆ, ಹೊರೆ ಹೊತ್ತವರಿಗೆ ಎಲ್ಲಿ ಉಸಿರು ಕಟ್ಟುತ್ತದೆ ಅನ್ನುವುದು. ದಾನ ಕೊಟ್ಟವರ ಮನೆಯಿಂದ ಎಷ್ಟು ದೂರ ಅನ್ನುವ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಹಳೆಯ ಕಾಲವನ್ನು ಹೊಗಳಲು ಹೇಳುತ್ತಿಲ್ಲ; ಆ ಅರವಟ್ಟಿಗೆಯ ನೀರು ಎಲ್ಲ ಜಾತಿಯವರಿಗೂ ಒಂದೇ ರೀತಿ ಸಿಗುತ್ತಿತ್ತು ಅಂತ ನಂಬುವಷ್ಟು ಭೋಳೆ ನಾನಲ್ಲ. ಜಾಗ ಗೊತ್ತು ಮಾಡುವ ಆ ಅಳತೆ ಮಾತ್ರ ಸರಿಯಾದದ್ದು.

ಕೊನೆಗೆ ಕೆಲಸ ಆದದ್ದು ಸಭೆಯಲ್ಲಿ ಅಲ್ಲ. 2019ರ ಮಾರ್ಚಿನಲ್ಲಿ ಬಸ್ ಸಂಸ್ಥೆಯ ಒಬ್ಬ ಅಧಿಕಾರಿ ಸಂಜೆ ಆರಕ್ಕೆ ಬಂದು ಒಂದೂವರೆ ತಾಸು ಚೌಕದಲ್ಲಿ ನಿಂತರು. ಹೆಚ್ಚು ಮಾತಾಡುವವರಲ್ಲ. ಎರಡು ಬಸ್ಸುಗಳು ಒಟ್ಟಿಗೆ ಬಂದರೆ ಹಿಂದಿನದರ ಬಾಲ ಚೌಕದಲ್ಲಿ ಸಿಕ್ಕಿಕೊಳ್ಳಬಾರದು ಅಂತ ಹೆಜ್ಜೆ ಹಾಕಿ ಅಳೆದರು. ಗೇಟಿನ ತಕರಾರು ಕೇಳಿ, ಹಾಗಾದರೆ ಬಸ್ಸು ಗೇಟು ದಾಟಿದ ಮೇಲೆ ನಿಲ್ಲಲಿ, ಹೊರಬರುವ ಕಾರಿನವರಿಗೆ ಬಲಗಡೆ ತೆರೆದೇ ಇರುತ್ತದೆ ಅಂದರು. ಇಷ್ಟು ಸಾದಾ ಮಾತು ಎಂಟು ಸಭೆಗಳಲ್ಲಿ ನಮ್ಮ ಯಾರ ತಲೆಗೂ ಬಂದಿರಲಿಲ್ಲ, ಯಾಕೆಂದರೆ ಅಲ್ಲಿ ಎಲ್ಲರೂ ಬೇಕು, ಬೇಡ ಅನ್ನುವುದರಲ್ಲೇ ಇದ್ದೆವು. ಚೇರ್ಮನ್ನರು ಅಲ್ಲೇ ನಿಂತು ಕೇಳಿದರು. ಅವರ ಗುಣ ದೊಡ್ಡದು, ಮುಂದಿನ ಸಭೆಯಲ್ಲಿ ತಾವೇ ಇದನ್ನು ಮಂಡಿಸಿದರು. ಗೋಡೆಯ ಮೇಲೆ ಎರಡು ದೀಪ ಸೊಸಾಯಟಿಯ ಖರ್ಚಿನಲ್ಲಿ. ಆರು ಮತ ವಿರೋಧ.

ದೀಪ ಜೂನ್‌ನಲ್ಲಿ ಆಯಿತು, ಕಂಬ ಜುಲೈನಲ್ಲಿ. ಚೌಕದಲ್ಲಿ ಬಿಳಿ ಪಟ್ಟೆ ಬಳಿದರು, ಅದಕ್ಕೆ ಮೊದಲು ರಸ್ತೆಯುಬ್ಬು ಹಾಕಿದರು. ತಗಡಿನ ಸೂರು ಬರಲು ಇನ್ನೆರಡು ವರ್ಷ ಹಿಡಿಯಿತು, ಅಷ್ಟರಲ್ಲಿ ಕೊರೋನಾ ಬಂದು ಹೋಗಿತ್ತು. ಆಳಂದದಾಕೆ ಈಗ ಎರಡೇ ಮನೆ ಮಾಡುತ್ತಾಳೆ, ಕೋಲು ಹಿಡಿದುಕೊಂಡು ಇಳಿಯುತ್ತಾಳೆ. ನಿಲ್ದಾಣ ಹತ್ತಿರ ಆಯಿತಲ್ಲ ಅಂದರೆ “ಹೂಂರಿ, ಆದ್ರ ಸಂಜಿಗಿ ಆ ಕಡೆ?” ಅನ್ನುತ್ತಾಳೆ. ಆ ಕಡೆಯದು ಇನ್ನೂ ಆಗಿಲ್ಲ. ಎದುರು ಬದಿಯಲ್ಲಿ ಶಹರಕ್ಕೆ ಹೋಗುವ ಬಸ್ಸುಗಳು ಇವತ್ತಿಗೂ ಚೌಕಕ್ಕೆ ಮೊದಲೇ ನಿಲ್ಲುತ್ತವೆ. ಅಲ್ಲಿ ಚೌಕ ದಾಟಿದ ಮೇಲೆ ಇರುವುದು ಇನ್ನೊಂದು ಸೊಸಾಯಟಿ, ನಮ್ಮದಕ್ಕಿಂತ ದೊಡ್ಡದು. ಅವರ ಚೇರ್ಮನ್ನರಿಗೆ ನಮ್ಮ ಚೇರ್ಮನ್ನರೂ ನಾನೂ ಎರಡು ಸಲ ಹೋಗಿ ಹೇಳಿ ಬಂದಿದ್ದೇವೆ. ಗೇಟಿನ ಹತ್ತಿರ ಜನ ಸೇರುತ್ತಾರೆ ಅಂತ ಅವರ ಆಕ್ಷೇಪ. ಮಳೆಗಾಲ ಮುಗಿದ ಮೇಲೆ ಮತ್ತೆ ಹೋಗಬೇಕು. ಪಟ್ಟೆಯ ಬಿಳಿ ಬಣ್ಣವೂ ಆಗಲೇ ಅಳಿಸಿದೆ, ಅದಕ್ಕೂ ಒಂದು ಅರ್ಜಿ ಬರೆಯುವುದಿದೆ.